ನೇಯ್ಗೆ ಯಾವ ಕಡೆ ವಾಲಬೇಕು?

ಡ್ಯಾಶ್‌ಬೋರ್ಡಿನ ಉದ್ದನೆಯ ಪಟ್ಟಿ, ಗೇರಿನ ಸುತ್ತಲಿನ ಚೌಕಟ್ಟು, ನಾಲ್ಕು ಬಾಗಿಲುಗಳ ನಾಲ್ಕು ತುಂಡುಗಳು. ಎಲ್ಲವನ್ನೂ ಬಿಚ್ಚಿ, ಹಳೆಯ ದಿನಪತ್ರಿಕೆಯ ಮೇಲೆ ಸಾಲಾಗಿ ಮಲಗಿಸಿ, ನಮ್ಮ ಗೆಳೆಯ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಕಾರಿನ ಜೊತೆಗೇ ಬಂದಿದ್ದ ಪಿಯಾನೋ ಕಪ್ಪು ಹೊಳಪು ನಾಲ್ಕು ಸಲ ಬಟ್ಟೆ ತಾಗುವಷ್ಟರಲ್ಲಿ ಜೇಡರ ಬಲೆಯಂತೆ ಗೀರೆದ್ದಿತ್ತು. ಉಳಿದ ಜಾಗದಲ್ಲಿ ಮನೆಮಂದಿಯ ಬೆರಳಚ್ಚುಗಳೆಲ್ಲ ದಾಖಲಾಗಿದ್ದವು.

“ಎಲ್ಲಕ್ಕೂ ಕಾರ್ಬನ್ ಫೈಬರ್ ಮಾಡುತ್ತೇನೆ” ಎಂದ. ಇಂಗಾಲದ ಎಳೆಗಳನ್ನು ನೇಯ್ದು ರಾಳದಲ್ಲಿ ಗಟ್ಟಿಯಾಗಿಸಿದ ಹಗುರ ವಸ್ತು ಅದು.

“ಮಾಡುತ್ತೀಯೋ, ಅಂಟಿಸುತ್ತೀಯೋ?” ಎಂದು ಕೇಳಿದೆ.

“ಆ ನೇಯ್ಗೆಯ ಚಿತ್ತಾರವಿರುವ ವಿನೈಲ್ ಹಾಳೆ ಅಂಟಿಸುತ್ತೇನೆ.”

“ಹಾಗಾದರೆ ಕಾರ್ಬನ್ ಫೈಬರಿನ ವೇಷ ಎನ್ನು.”

ಇಂಜಿನಿಯರ್ ಗೆಳೆಯನಿಗೆ ಅಷ್ಟೇ ಸಾಕಾಯಿತು. “1981ರಲ್ಲಿ ಮೆಕ್‌ಲಾರೆನ್‌ನವರು ರೇಸ್ ಕಾರಿನ ಒಡಲನ್ನೇ ಕಾರ್ಬನ್ ಫೈಬರಿನಲ್ಲಿ ಕಟ್ಟಿದರು. ಅದೇ ವರ್ಷ ಇಟಲಿಯ ಮೊನ್ಜಾ ರೇಸಿನಲ್ಲಿ ಆ ಕಾರು ತಡೆಗೋಡೆಗೆ ಗುದ್ದಿ ಎಂಜಿನ್ನೇ ಕಿತ್ತುಹೋದರೂ, ಓಡಿಸುತ್ತಿದ್ದ ಜಾನ್ ವಾಟ್ಸನ್ ಎದ್ದು ನಡೆದು ಬಂದ. ನಿನ್ನ ಗೇರಿನ ಸುತ್ತಲಿನ ವಿನೈಲ್ ಹಾಳೆ ಯಾರನ್ನು ಕಾಪಾಡುತ್ತದೆ?”

“ನನ್ನ ಮಾನವನ್ನು.”

“ಅವರು ತೂಕ ಇಳಿಸಲು ಹಾಕಿದರು. ನೀನು ಇದ್ದ ಪ್ಲಾಸ್ಟಿಕ್ಕಿನ ಮೇಲೆ ಇನ್ನೊಂದು ಪದರ ಹೇರುತ್ತಿದ್ದೀಯ!”

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎನ್ನುತ್ತಾರಲ್ಲ, ಇಲ್ಲಿ ಮಲ್ಲಿಗೆಯೂ ಕಾಗದದ್ದು ಎಂದು ನಾನು ಸೇರಿಸಿದೆ. ಆಸಾಮಿ ಕಿವಿಗೆ ಹಾಕಿಕೊಳ್ಳಲಿಲ್ಲ. ಮೂರು ಮಾದರಿ ತುಂಡುಗಳನ್ನು ಹರಡಿ, “ಇದು ತ್ರೀ ಡಿ, ಇದು ಫೈವ್ ಡಿ, ಇದು ಸಿಕ್ಸ್ ಡಿ” ಎಂದು ಪರಿಚಯಿಸಿದ. ಉದ್ದ, ಅಗಲ, ಎತ್ತರ ನನಗೆ ಗೊತ್ತು. ನಾಲ್ಕನೆಯದು ಕಾಲ ಎಂದು ಕೇಳಿದ್ದೇನೆ. ಐದು ಮತ್ತು ಆರನೆಯ ಆಯಾಮಗಳು ವಿನೈಲ್ ಮಾರುವವರಿಗೆ ಮಾತ್ರ ಗೋಚರವಾಗಿರಬೇಕು.

ತ್ರೀ ಡಿ ತುಂಡಿನ ಮೇಲೆ ಉಗುರು ಎಳೆದರೆ ಬಾಚಣಿಗೆಯ ಹಲ್ಲಿನಂತೆ ಗರಗರ ಎನ್ನುತ್ತಿತ್ತು. “ಇಲ್ಲೇ ಬಣ್ಣ ಬಯಲಾಗುವುದು” ಎಂದ ಇಂಜಿನಿಯರ್. “ನಿಜವಾದದ್ದರಲ್ಲಿ ನೇಯ್ಗೆ ಸಾಮಾನ್ಯವಾಗಿ ಪಾರದರ್ಶಕ ಲೇಪನದ ಕೆಳಗೆ ಮುಳುಗಿರುತ್ತದೆ. ಕೈಗೆ ನುಣುಪು, ಕಣ್ಣಿಗೆ ಆಳ. ಈ ಗೆರೆಗಳಲ್ಲಿ ಧೂಳು ಕೂತರೆ ಹಲ್ಲುಜ್ಜುವ ಬ್ರಷ್ ಹಿಡಿದು ಕೂರಬೇಕಾಗುತ್ತದೆ.” ಹೊಳೆಯುವ ತುಂಡನ್ನು ಬಿಸಿಲಿಗೆ ಹಿಡಿದರೆ ನಮ್ಮ ನಾಲ್ವರ ಮುಖವೂ ಅದರಲ್ಲಿ ಕಂಡಿತು. ಗಾಜಿನ ಕೆಳಗೆ, ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಇಂಥದ್ದನ್ನು ಹಾಕಿದರೆ ರಸ್ತೆಗಿಂತ ಅದರ ಪ್ರತಿಬಿಂಬವನ್ನೇ ನೋಡಿಕೊಂಡು ಓಡಿಸಬೇಕು. ಏರ್‌ಬ್ಯಾಗ್ ಅಡಗಿರುವ ಮುಚ್ಚಳದ ಮೇಲಂತೂ ಏನನ್ನೂ ಅಂಟಿಸಕೂಡದು. ಇದರಲ್ಲಿ ಮಾತ್ರ ನಮ್ಮಲ್ಲಿ ಭಿನ್ನಮತ ಬರಲಿಲ್ಲ.

ಅಷ್ಟು ಹೊತ್ತೂ ಸುಮ್ಮನಿದ್ದವಳು ನಮ್ಮ ಹೊಲಿಗೆಯ ಗೆಳತಿ. ಮೂರನೆಯ ತುಂಡನ್ನು ಮೂಗಿನ ಹತ್ತಿರ ಹಿಡಿದು, “ಇದು ಟ್ವಿಲ್, ಓರೆ ಗೆರೆಯ ನೇಯ್ಗೆ. ಜೀನ್ಸ್ ಬಟ್ಟೆಯ ದಾಯಾದಿ. ಆದರೆ ಚೌಕ ಇಷ್ಟು ದೊಡ್ಡದೇಕೆ?” ಎಂದಳು. ಇಂಜಿನಿಯರ್ ಉತ್ಸಾಹದಿಂದ ವಿವರಿಸಿದ: ಸಾಮಾನ್ಯವಾಗಿ ಬಳಸುವ ನೂಲಿನಲ್ಲಿ 3000 ಎಳೆ, ಒಂದೊಂದರ ದಪ್ಪ ಸುಮಾರು 7 ಮೈಕ್ರಾನ್, ಎಲ್ಲ ಸೇರಿ ಚಪ್ಪಟೆಯಾದರೆ ಸುಮಾರು 2 ಮಿಲಿಮೀಟರ್ ಅಗಲ. “ಹಾಗಿದ್ದರೆ ಇದು ಚಾಪೆ” ಎಂದು ಪಕ್ಕಕ್ಕೆಸೆದಳು.

ಗೇರಿನ ಚೌಕಟ್ಟಿನ ಉಬ್ಬುತಗ್ಗುಗಳನ್ನು ಸವರಿ ನೋಡಿ, ಇಲ್ಲಿ ಬಿಸಿ ಗಾಳಿ ಬಿಟ್ಟು ಎಳೆದರೆ ನೇಯ್ಗೆ ಹಳೆಯ ಬನಿಯನ್ನಿನ ಕುತ್ತಿಗೆಯಂತೆ ಜೋಲುತ್ತದೆ ಎಂದಳು. ನೀರಿನ ಮೇಲೆ ಚಿತ್ತಾರದ ಪೊರೆ ತೇಲಿಸಿ ಅದರಲ್ಲಿ ಅದ್ದಿ ತೆಗೆಯುವ ಹೈಡ್ರೋ ಡಿಪ್ಪಿಂಗ್ ಇದೊಂದಕ್ಕೆ ಮೇಲು ಎಂದ ಇಂಜಿನಿಯರ್. ಮೂಲೆಗಳಲ್ಲಿ ಅಲ್ಲಿಯೂ ಚಿತ್ತಾರ ಹಿಗ್ಗುತ್ತದೆ, ಆದರೆ ತುದಿ ಏಳುವ ಭಯವಿಲ್ಲ.

“ಅದೆಲ್ಲ ಇರಲಿ. ಎಡಬಾಗಿಲಿನ ಗೆರೆ ಮುಂದಕ್ಕೆ ವಾಲಿದರೆ ಬಲಬಾಗಿಲಿನದೂ ಮುಂದಕ್ಕೇ ವಾಲಬೇಕಲ್ಲ?” ಎಂದು ಅವಳು ಕೇಳಿದಾಗ ನಾವು ಮೂವರು ಗಂಡಸರೂ ಮುಖಮುಖ ನೋಡಿಕೊಂಡೆವು. “ಎಲ್ಲವನ್ನೂ ಒಂದೇ ದಿಕ್ಕಿನಲ್ಲಿ ಕತ್ತರಿಸಿದರೆ ಒಂದು ಕಡೆ ಮುಂದಕ್ಕೆ, ಇನ್ನೊಂದು ಕಡೆ ಹಿಂದಕ್ಕೆ. ಒಂದು ತೋಳು ತಿರುವಿ ಹೊಲಿದ ಅಂಗಿಯಂತೆ.” ಹಾಳೆಯನ್ನು ಮೇಜಿನ ಮೇಲಿಟ್ಟು ಕಾಲು ಸುತ್ತು ತಿರುಗಿಸಿದಳು. ಬಲಕ್ಕೆ ಏರುತ್ತಿದ್ದ ಗೆರೆ ಎಡಕ್ಕೆ ಏರತೊಡಗಿತು. “ಒಂದು ಬದಿಗೆ ಉದ್ದಕ್ಕೆ ಕತ್ತರಿಸು, ಇನ್ನೊಂದು ಬದಿಗೆ ಅಡ್ಡಕ್ಕೆ. ತಿಳಿಯಿತೇ?”

ತಿಳಿಯಿತು ಎಂದ. ಹೊಳಪು ಕಡಿಮೆಯಿರುವ ಸಣ್ಣ ನೇಯ್ಗೆಯ ಹಾಳೆಯನ್ನೇ ತಂದ, ಎರಡು ರಜಾದಿನ ಕೂತು ಅಂಟಿಸಿದ. ಗುಳ್ಳೆ ಇಲ್ಲ, ಸುಕ್ಕಿಲ್ಲ. ನಿಜಕ್ಕೂ ಚೆನ್ನಾಗಿತ್ತು, ಹೊಟ್ಟೆಕಿಚ್ಚಾಗುವಷ್ಟು. ಎಲ್ಲರೂ ಹತ್ತಿ ಒಂದು ಸುತ್ತು ಹೋಗೋಣ ಎಂದು ಕರೆದ. ಹಿಂದಿನ ಸೀಟಿನ ನಡುವೆ ಗೆಳತಿ ಕುಳಿತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು.

“ಹಾಳೆ ತಿರುಗಿಸಿದೆಯಾ?”

“ತಿರುಗಿಸದೆ ಇರುತ್ತೇನೆಯೇ? ನೀನು ಕಾಲು ಸುತ್ತು ಎಂದೆ. ನಾನು ಇರಲಿ ಎಂದು ಧಾರಾಳವಾಗಿ ಅರ್ಧ ಸುತ್ತು ತಿರುಗಿಸಿದೆ.”

ಅರ್ಧ ಸುತ್ತು ತಿರುಗಿದ ಗೆರೆ ಹೊರಟಲ್ಲಿಗೇ ಬಂದು ನಿಲ್ಲುತ್ತದೆ. ಇಂಜಿನಿಯರ್ ಕಿಟಕಿಯಾಚೆ ನೋಡತೊಡಗಿದ. ನಾನು ಕೆಮ್ಮಿದೆ.

“ಎರಡೂ ಬಾಗಿಲನ್ನು ಒಟ್ಟಿಗೆ ನೋಡುವವರು ಯಾರಿದ್ದಾರೆ?” ಎಂದ ಗೆಳೆಯ, ಗೇರ್ ಹಾಕುತ್ತ.

“ನಡುವೆ ಕುಳಿತವರು” ಎಂದಳು ಅವಳು.