ಚುನಾವಣೆಯ ರಾತ್ರಿ ಕೈಯಲ್ಲಿ ಏನು ಹೆಣಿಗೆ ಇರಬೇಕು?

ಬೆತ್ಲೆಹೆಮ್ ಸೊಸೆ · 22 ಅಕ್ಟೋಬರ್ 2024

ಹೆಣಿಗೆಯವರೇ, ಒಂದು ಸಲಹೆ ಕೊಡಿ. ನವೆಂಬರ್ 5ರ ರಾತ್ರಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಫಲಿತಾಂಶ ನೋಡುತ್ತಾ ಟಿವಿ ಮುಂದೆ ಕೂತಾಗ ಏನು ಹೆಣೆಯಲಿ? ಕೈ ಖಾಲಿ ಇದ್ದರೆ ಉಗುರು ಉಳಿಯುವುದಿಲ್ಲ.

ನಾವಿರುವುದು ಪೆನ್ಸಿಲ್ವೇನಿಯಾದ ನಾರ್ತಾಂಪ್ಟನ್ ಕೌಂಟಿಯಲ್ಲಿ. ಇಲ್ಲಿಯವರು ಎರಡು ಸಲ ಒಬಾಮಾ ಅವರನ್ನು ಗೆಲ್ಲಿಸಿದರು, 2016ರಲ್ಲಿ ಟ್ರಂಪ್, 2020ರಲ್ಲಿ ಬೈಡನ್. ನಾಲ್ಕೂ ಸಲ ಗೆದ್ದವರ ಕಡೆಗೇ! ಹಾಗಾಗಿ ಈ ಸಲ ನಮ್ಮನ್ನು ಯಾರೂ ನೆಮ್ಮದಿಯಾಗಿ ಊಟ ಮಾಡಲು ಬಿಡುತ್ತಿಲ್ಲ. ಬಾಗಿಲು ತಟ್ಟುವವರು ಒಂದು ಕಡೆ, ಫೋನಿಗೆ ಮೆಸೇಜು ಇನ್ನೊಂದು ಕಡೆ. ಅಂಚೆ ಡಬ್ಬಿಯಲ್ಲಿ ಎರಡೂ ಪಕ್ಷಗಳ ಹೊಳೆಯುವ ಕಾಗದ. ಅದು ದಪ್ಪ ಇರುತ್ತೆ ನೋಡಿ, ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿದರೆ ಅದರ ಮೇಲೆ ಉಲ್ಲನ್ ಸುತ್ತಬಹುದು. ನನ್ನ ಮಟ್ಟಿಗೆ ಪ್ರಚಾರದಿಂದ ಆದ ಉಪಯೋಗ ಇದೊಂದೇ.

ಪೌರತ್ವ ಬಂದ ಮೇಲೆ ಇದು ನನ್ನ ಮೊದಲ ಮತ. ಯಾರಿಗೆ ಅಂತ ಕೇಳಬೇಡಿ. ಗಂಡನಿಗೆ ಇನ್ನೂ ಗ್ರೀನ್ ಕಾರ್ಡ್. ಮತ ಇಲ್ಲ, ಅಭಿಪ್ರಾಯ ಜಾಸ್ತಿ. ಹೊಸದುರ್ಗದಿಂದ ಬಂದಿರುವ ಅತ್ತೆಯದು ಬೇರೆ ತಕರಾರು: "ಬೆರಳಿಗೆ ಮಸಿ ಹಚ್ಚದೆ ಅದೆಂಥಾ ವೋಟು?"

ಈಗ ಹೆಣಿಗೆಯ ವಿಷಯ. ಕಡ್ಡಿಯ ಮೇಲೆ ಇರುವುದು ಇಷ್ಟು. ಗಂಡನ ಕಾರ್ಡಿಗನ್, ಎರಡನೇ ತೋಳು ಬಾಕಿ. ಮಗಳಿಗೆ ಹ್ಯಾಲೊವೀನ್ ಟೋಪಿ. ಅವಳಿಗೆ ಗೂಬೆ ಬೇಕಿತ್ತು. ಆದರೆ ಈ ವರ್ಷ ಹ್ಯಾಲೊವೀನ್ ದಿನವೇ ನರಕ ಚತುರ್ದಶಿ. "ಹಬ್ಬದ ದಿನ ತಲೆ ಮೇಲೆ ಗೂಬೆ ಕೂರಿಸ್ತೀಯಾ?" ಅಂತ ಅತ್ತೆ ಗದರಿದರು. ಕೊನೆಗೆ ನರಿಗೆ ಒಪ್ಪಿಗೆ ಸಿಕ್ಕಿತು.

ಜೊತೆಗೆ ಮೊನ್ನೆ ಶನಿವಾರ ಎಲ್ಲರೂ ರೈನ್‌ಬೆಕ್‌ಗೆ ಹೋಗಿ ಬಂದೆವು. ನ್ಯೂಯಾರ್ಕ್ ರಾಜ್ಯದ ಕುರಿ ಮತ್ತು ಉಣ್ಣೆ ಜಾತ್ರೆ, ಪ್ರತಿ ಅಕ್ಟೋಬರ್ ನಡೆಯುತ್ತೆ. ದಾರಿಯುದ್ದಕ್ಕೂ ಮೇಪಲ್ ಎಲೆ ಕೆಂಪಾಗಿತ್ತು, ಬಿಸಿಲೂ ಚೆನ್ನಾಗಿತ್ತು. ಆದರೂ ಅಲ್ಲಿ ಜನ ಬೆವರುತ್ತಲೇ ಸ್ವೆಟರ್ ಹಾಕಿಕೊಂಡು ಓಡಾಡುತ್ತಾರೆ. ಅದಕ್ಕೆಂದೇ ವರ್ಷವಿಡೀ ಹೆಣೆದಿರುತ್ತಾರಲ್ಲ! ಗಂಡ ಕರಿದ ಆರ್ಟಿಚೋಕ್ ಕ್ಯೂನಲ್ಲಿ ನಿಂತರು, ಮಗಳು ಅಲ್ಪಾಕಾ ಹತ್ತಿರದಿಂದ ಕದಲಲಿಲ್ಲ. ನಾನು ಬಣ್ಣ ಹಾಕದ ಕಂದು ಉಣ್ಣೆ ತಂದೆ. ಜಿಡ್ಡು ಇನ್ನೂ ಹೋಗಿಲ್ಲ, ಮುಟ್ಟಿದರೆ ಬೆರಳು ನುಣುಪಾಗುತ್ತೆ. ಅತ್ತೆ ಮೂಗಿಗೆ ಹಿಡಿದು, "ಇದು ನಮ್ಮ ಚಳ್ಳಕೆರೆ ಕಂಬ್ಳಿ ವಾಸನೆ ಕಣೇ" ಅಂದರು.

ತೋಳು ಮುಗಿಸಲಾ, ಹೊಸ ಉಣ್ಣೆ ಶುರು ಮಾಡಲಾ?

ಜಯನಗರ ನಾಲ್ಕನೇ ಬ್ಲಾಕ್

ತೋಳು ಖಂಡಿತ ಬೇಡಮ್ಮಾ. ಟೆನ್ಶನ್ ಆದಾಗ ಕೈ ಬಿಗಿಯಾಗುತ್ತೆ. ಇಂಚಿಗೆ 5 ಕುಣಿಕೆ ಬರುವುದು ಐದೂವರೆ ಆಯಿತು ಅನ್ನು. 200 ಕುಣಿಕೆಗೆ 40 ಇಂಚು ಬರಬೇಕಾದ ಎದೆ ಸುತ್ತಳತೆ 36 ಚಿಲ್ಲರೆಗೆ ಇಳಿಯುತ್ತೆ. ತೋಳಿನಲ್ಲಿ ಯಾವ ರಾಜ್ಯದ ಫಲಿತಾಂಶ ಎಲ್ಲಿ ಬಂತು ಅಂತ ಬೆರಳಿಟ್ಟು ತೋರಿಸಬಹುದು. ಚಾರ್ಟ್ ನೋಡಿ ಹಾಕುವ ಜಡೆ ಡಿಸೈನ್ ಅಂತೂ ಮುಟ್ಟಲೇಬೇಡ.

ನಮ್ಮಲ್ಲಿ ಈ ಕಷ್ಟವೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರು, ಊಟದ ಹೊತ್ತಿಗೆ ಚಿತ್ರಣ ಸಿಕ್ಕಿರುತ್ತೆ. ಮಗುವಿನ ಕಾಲುಚೀಲ ಒಂದಾದರೆ ಹೆಚ್ಚು. ನವೆಂಬರ್ 13ಕ್ಕೆ ಚನ್ನಪಟ್ಟಣ, ಶಿಗ್ಗಾವಿ, ಸಂಡೂರು ಉಪಚುನಾವಣೆ ಇದೆ. ಎಣಿಕೆಯ ದಿನಕ್ಕೆ ಈಗಲೇ ಒಂದು ಉಂಡೆ ಎತ್ತಿಟ್ಟಿದ್ದೇನೆ.

ಎಡಿಸನ್ ಕ್ರೋಶಾ ಮಾವ

ಮಫ್ಲರ್ ಹಾಕಿ. ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಎಲೆಕ್ಟೋರಲ್ ಮತ ಒಟ್ಟು 538, ಒಂದಕ್ಕೆ ಒಂದು ಸಾಲು. ರಿಪಬ್ಲಿಕನ್ನರಿಗೆ ಕೆಂಪು, ಡೆಮಾಕ್ರಾಟರಿಗೆ ನೀಲಿ, ಎರಡೇ ಬಣ್ಣ, ರಾಜ್ಯಗಳ ಫಲಿತಾಂಶ ಬಂದ ಹಾಗೆ. ನಿಮ್ಮ ಪೆನ್ಸಿಲ್ವೇನಿಯಾ 19 ಸಾಲು. ಎಲ್ಲ ಸಾಲೂ ಸೀದಾ ಹೆಣೆದು ಇಂಚಿಗೆ 9 ಸಾಲು ಬಂದರೆ 60 ಇಂಚು ಆಗುತ್ತೆ, ಮಫ್ಲರ್‌ಗೆ ಸರಿಯಾದ ಉದ್ದ. ಕೈ ಬಿಗಿಯಾದರೂ ಯಾರಿಗೂ ಗೊತ್ತಾಗಲ್ಲ.

ಒಂದೇ ರಾತ್ರಿಗೆ ಮುಗಿಯುತ್ತೆ ಅಂದುಕೊಳ್ಳಬೇಡಿ. ನಿಮ್ಮ ರಾಜ್ಯದಲ್ಲಿ ಅಂಚೆ ಮತದ ಲಕೋಟೆಯನ್ನು ಚುನಾವಣೆ ದಿನ ಬೆಳಿಗ್ಗೆ 7ಕ್ಕೆ ಮುಂಚೆ ತೆರೆಯುವಂತಿಲ್ಲ. 2020ರಲ್ಲಿ ಮಂಗಳವಾರದ ಮತಕ್ಕೆ ಶನಿವಾರ ಉತ್ತರ ಬಂತು.

ಇನ್ನೊಂದು. ಬೆಸ ಸಂಖ್ಯೆಯ ಸಾಲು ಬಂದರೆ ನೂಲು ತಪ್ಪು ತುದಿಯಲ್ಲಿ ನಿಲ್ಲುತ್ತೆ. ಸರ್ಕ್ಯುಲರ್ ಕಡ್ಡಿ (ದಾರದಿಂದ ಜೋಡಿಸಿದ ಎರಡು ಕಡ್ಡಿ) ಇದ್ದರೆ ಕುಣಿಕೆಗಳನ್ನು ಆ ತುದಿಗೆ ಜಾರಿಸಿ ಅಲ್ಲಿಂದಲೇ ಹೆಣೆಯಬಹುದು.

ಚಳ್ಳಕೆರೆ ಹುಡುಗ

ನನಗೆ ಹೆಣಿಗೆ ಬರಲ್ಲ, ಕಂಬಳಿ ಅಂದಿದ್ದಕ್ಕೆ ಬಂದೆ. ನಿಮ್ಮ ಅತ್ತೆ ಹೇಳಿದ್ದು ಸರಿ, ಅದು ಕುರಿಯ ಜಿಡ್ಡಿನ ವಾಸನೆ. ನಮ್ಮ ಕಂಬಳಿ ದಖ್ಖನಿ ಕುರಿಯ ಒರಟು ಉಣ್ಣೆಯದು. ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ, ಇಲ್ಲದಿದ್ದರೆ ಮಗ್ಗದಲ್ಲಿ ನಿಲ್ಲಲ್ಲ. ನಿಮ್ಮ ಉಣ್ಣೆಯನ್ನು ಬಿಸಿನೀರಲ್ಲಿ ಹಾಕಿ ಉಜ್ಜಬೇಡಿ, ಗಂಟು ಕಟ್ಟಿಕೊಳ್ಳುತ್ತೆ. ಉಗುರು ಬೆಚ್ಚಗಿನ ನೀರಲ್ಲಿ ಸುಮ್ನೆ ಮುಳುಗಿಸಿಡಿ. ಆಮೇಲೆ ಆ ಮಸಿ, ಅದು ನಮ್ಮ ಮೈಸೂರಿನ ಮಾಲು ಅಂತ ಅತ್ತೆಗೆ ಹೇಳಿ.

ಬೆತ್ಲೆಹೆಮ್ ಸೊಸೆ · 7 ನವೆಂಬರ್

ಮಾವ, ನಿಮ್ಮ ಮಫ್ಲರನ್ನೇ ಹಿಡಿದೆ. ಬೆಳಿಗ್ಗೆ ಮತ ಹಾಕಿ ಬಂದು, "ನಾನು ಮತ ಹಾಕಿದೆ" ಅನ್ನುವ ಸ್ಟಿಕ್ಕರ್ ತೋರಿಸಿದೆ. ಮೈಸೂರಿನ ಮಸಿ ಅಂತ ತಿಳಿದ ಮೇಲೆ ಅತ್ತೆ ಆ ಸ್ಟಿಕ್ಕರ್‌ಗೆ ಕವಡೆ ಕಿಮ್ಮತ್ತೂ ಕೊಡಲಿಲ್ಲ. ಸಂಜೆ ಏಳಕ್ಕೆ ಕೆಂಟಕಿ 8, ಇಂಡಿಯಾನಾ 11, ವರ್ಮಾಂಟ್ 3. ಅಲ್ಲಿಗೇ ಟಿವಿ ನನ್ನನ್ನು ಹಿಂದೆ ಹಾಕಿತು. ಪ್ರಚಾರದ ಕಾಗದದ ಹಿಂದೆ ಕ್ರಮ ಬರೆದುಕೊಳ್ಳುತ್ತಾ ಹೋದೆ. ಪೆನ್ಸಿಲ್ವೇನಿಯಾ ತೀರ್ಮಾನವಾಗುವಾಗ ರಾತ್ರಿ ಎರಡು ದಾಟಿತ್ತು, ನನ್ನ ಕಡ್ಡಿ ಇನ್ನೂ ಫ್ಲೋರಿಡಾದಲ್ಲೇ ಇತ್ತು. ನಮ್ಮ ಕೌಂಟಿ ಈ ಸಲವೂ ಗೆದ್ದವರ ಕಡೆಗೇ ಹೋಯಿತು. ಮನೆಯಲ್ಲಿ ಒಬ್ಬರು ಎರಡು ದಿನದಿಂದ ಜಾಸ್ತಿ ಮಾತಾಡುತ್ತಿಲ್ಲ. ಅದು ಇಲ್ಲಿ ಬೇಡ ಬಿಡಿ.

ಹೊಸ ಸಮಸ್ಯೆ. ಎರಡೂ ಬಣ್ಣ ಸಮ ಸಮ ತಂದಿದ್ದೆ. ಲೆಕ್ಕ 312ಕ್ಕೆ 226ರ ಕಡೆ ಹೋಗುತ್ತಿದೆ, ಕೆಂಪು ಸಾಲುವುದಿಲ್ಲ. ಅಂಗಡಿಯಲ್ಲಿ ಅದೇ ಡೈ ಲಾಟ್ (ಒಟ್ಟಿಗೇ ಬಣ್ಣ ಹಾಕಿದ ನೂಲು) ಖಾಲಿ. ಹೊಸ ಲಾಟ್ ಒಂದು ಚೂರು ಗಾಢ. ಹಾಗೇ ಸೇರಿಸಿದರೆ ಗೆರೆ ಎದ್ದು ಕಾಣುತ್ತೆ, ಅಲ್ವಾ?

ಜಯನಗರ ನಾಲ್ಕನೇ ಬ್ಲಾಕ್

ಕಾಣುತ್ತೆ. ಹಳೇ ಕೆಂಪು ಪೂರ್ತಿ ಮುಗಿಯುವವರೆಗೆ ಕಾಯಬೇಡ. ಇವತ್ತಿನಿಂದಲೇ ಎರಡು ಸಾಲು ಹಳೆಯದು, ಎರಡು ಸಾಲು ಹೊಸದು ಹಾಕುತ್ತಾ ಹೋಗು. ಅಂಚಿನಲ್ಲಿ ನೂಲು ಎಳೆಯಬೇಡ, ಸಡಿಲ ಬಿಡು. ನರಿ ಟೋಪಿಯ ಫೋಟೊ ಹಾಕಲೇ ಇಲ್ಲವಲ್ಲ?