ಸಹಾಯ ಬೇಕು: ಫಾಕ್‌ಲೆಂಡ್ ದ್ವೀಪಗಳ ಹಳೆಯ ಪತ್ರಿಕೆಗಳು

ಮಾನ್ಯ ಸದಸ್ಯರಿಗೆ ನಮಸ್ಕಾರ. ದಾವಣಗೆರೆಯಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಿರುವ ನಾನು, ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳ ಪತ್ರಿಕೆಗಳ ಕುರಿತು ಕಿರುಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಅಲ್ಲಿನ ಜನಸಂಖ್ಯೆ ಇಂದಿಗೂ ನಾಲ್ಕು ಸಾವಿರ ಮುಟ್ಟಿಲ್ಲ. ನಮ್ಮ ಕಡೆಯ ದೊಡ್ಡ ಹಳ್ಳಿಯೊಂದರಷ್ಟು ಜನ, ಅಷ್ಟೇ. ಆದರೂ ಅಲ್ಲಿ 1889ರಲ್ಲಿಯೇ ಪಾದ್ರಿ ಲೋಥರ್ ಬ್ರ್ಯಾಂಡನ್ ಅವರು ಪತ್ರಿಕೆಯೊಂದನ್ನು ಆರಂಭಿಸಿದ್ದರು (ನಮ್ಮಲ್ಲಿ 1843ರಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದ ಮೋಗ್ಲಿಂಗರೂ ಪಾದ್ರಿಯೇ ಎಂಬುದನ್ನು ಇಲ್ಲಿ ನೆನೆಯದಿರಲಾಗದು). 1979ರಲ್ಲಿ ಹುಟ್ಟಿದ ‘ಪೆಂಗ್ವಿನ್ ನ್ಯೂಸ್’ ಈ ದ್ವೀಪಗಳಿಗಾಗಿ ಬ್ರಿಟನ್ ಮತ್ತು ಅರ್ಜೆಂಟೀನಾ ನಡುವೆ ನಡೆದ 1982ರ ಯುದ್ಧವನ್ನು ದಾಟಿ ಈಗಲೂ ಪ್ರಕಟವಾಗುತ್ತಿದೆ.

ನನಗೆ ಸಿಕ್ಕಿರುವ ಹಳೆಯ ಸಂಚಿಕೆಯ ಜೆರಾಕ್ಸ್ ಪ್ರತಿಯಲ್ಲಿ, ಹಡಗುಗಳ ಸುದ್ದಿಯಿರುವ ಅಂಕಣದ ಎಡ ಅಂಚು ಬೈಂಡಿಂಗಿನ ಮಡಿಕೆಯೊಳಗೆ ಸೇರಿಹೋಗಿ ಅರ್ಧ ಸಾಲುಗಳೇ ಓದಲು ಬರುತ್ತಿಲ್ಲ. ಸ್ಪಷ್ಟ ಪ್ರತಿಗಳನ್ನು ಪಡೆಯುವ ದಾರಿ ಬಲ್ಲವರು ದಯವಿಟ್ಟು ತಿಳಿಸಬೇಕು. ಹೋಲಿಕೆಗಾಗಿ, ಮೊಳೆ ಜೋಡಿಸಿ ಮುದ್ರಿಸುತ್ತಿದ್ದ ಕಾಲದ ದಾವಣಗೆರೆ, ಚಿತ್ರದುರ್ಗಗಳ ಸ್ಥಳೀಯ ಪತ್ರಿಕೆಗಳು ಯಾರ ಮನೆಯ ಅಟ್ಟದಲ್ಲಾದರೂ ಉಳಿದಿದ್ದರೆ, ತಾವು ಹೇಳಿದ ದಿನ ನಾನೇ ಬಂದು ಅಲ್ಲಿಯೇ ಕುಳಿತು ನೋಡಿಕೊಳ್ಳುತ್ತೇನೆ.