ಅಂಕೋಲಾ: ಅತ್ತೆಯ ಖಾನಾವಳಿ ಮ್ಯಾಪ್‌ನಲ್ಲಿ ಇನ್ನೂ ಹಳೇ ಜಾಗದಲ್ಲೇ ಇದೆ, ಏನು ಮಾಡಲಿ?

ಅಂಕೋಲಾದ ಸೊಸೆ:
ನಮ್ಮತ್ತೆ ಮೀನೂಟದ ಖಾನಾವಳಿ ನಡೆಸುತ್ತಾರೆ. ಹೆದ್ದಾರಿ 66 ಅಗಲ ಮಾಡುವಾಗ ಹಳೇ ಕಟ್ಟಡ ಹೋಯಿತು. ಈಗ ಒಳರಸ್ತೆಯಲ್ಲಿದ್ದಾರೆ. ಮ್ಯಾಪ್ ನೋಡಿ ಬರುವವರು ಹಳೇ ಜಾಗಕ್ಕೆ ಹೋಗಿ, ಏನೂ ಕಾಣದೆ ಗೋಕರ್ಣದ ಕಡೆ ಹೊರಟುಬಿಡುತ್ತಾರೆ. ಗೂಗಲ್‌ನಲ್ಲಿರುವ ಆ ಪುಟವನ್ನು ಯಾರೋ ಗಿರಾಕಿ ಸೇರಿಸಿದ್ದು. ಒಳ್ಳೊಳ್ಳೆ ರಿವ್ಯೂಗಳಿವೆ. ಹೊಸದೊಂದು ಮಾಡಿಬಿಡಲಾ? ಒಬ್ಬ ಏಜೆಂಟ್ ಫೋನ್ ಮಾಡಿ, ದುಡ್ಡು ಕೊಟ್ಟರೆ ಎಲ್ಲರಿಗಿಂತ ಮೇಲೆ ತೋರಿಸ್ತೇನೆ ಅಂದಿದ್ದಾನೆ. ಅತ್ತೆ ಕೊಡೋಣ ಅನ್ನುತ್ತಿದ್ದಾರೆ.

ಶಿರಸಿ ಝೆರಾಕ್ಸ್ ಅಂಗಡಿ:
ತಂಗಿ, ದಯವಿಟ್ಟು ಕೊಡಬೇಡಿ. ಪುಟ ಇಟ್ಟುಕೊಳ್ಳಲು ಗೂಗಲ್ ದುಡ್ಡು ಕೇಳುವುದಿಲ್ಲ. ದುಡ್ಡು ಕೊಟ್ಟು ಮ್ಯಾಪ್‌ನಲ್ಲಿ ಮೇಲೆ ಬರುವ ದಾರಿಯೂ ಇಲ್ಲ. ಜಾಹೀರಾತು ಬೇರೆ ವಿಷಯ. ಹುಡುಕಿದ್ದಕ್ಕೆ ಅಂಗಡಿ ಎಷ್ಟು ಹೊಂದುತ್ತದೆ, ಎಷ್ಟು ದೂರ ಇದೆ, ಎಷ್ಟು ಹೆಸರು ಮಾಡಿದೆ, ಈ ಮೂರನ್ನು ನೋಡಿ ಅದು ಸಾಲು ಮಾಡುತ್ತದೆ. ಪೇಟೆಯ ಅಂಗಡಿಯವರು ನನ್ನ ಹತ್ತಿರ ಇದನ್ನು ಮಾಡಿಸಿಕೊಳ್ಳಲು ಬರುತ್ತಾರೆ. ಇಂಥ ಫೋನಿಗೆ ದುಡ್ಡು ಕಳೆದುಕೊಂಡವರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೊಸ ಪುಟವೂ ಬೇಡ. ರಿವ್ಯೂ ಎಲ್ಲಾ ಹಳೇದರಲ್ಲಿ ಉಳಿದುಬಿಡುತ್ತವೆ. ಅತ್ತೆಯ ಜಿಮೇಲ್‌ನಿಂದ ಆ ಪುಟ ತೆರೆದು, ಈ ಅಂಗಡಿ ನಮ್ಮದು ಎಂದು ಕೋರಿಕೆ ಹಾಕಿ. ಅವರ ಜಿಮೇಲ್‌ನಿಂದಲೇ ಹಾಕಿ, ಬೇರೆಯವರದ್ದು ಬೇಡ. ಯಾರೋ ಹುಡುಗನ ಜಿಮೇಲ್‌ನಿಂದ ಹಾಕಿಸಿದರೆ, ನಾಳೆ ಅವನು ಬೆಂಗಳೂರಿಗೆ ಹೋದಾಗ ಪುಟವೂ ಅವನ ಜೊತೆ ಹೋಗುತ್ತದೆ. ಆಮೇಲೆ ಬಹುಶಃ ವಿಡಿಯೋ ಕೇಳುತ್ತಾರೆ. ಅರ್ಧ ನಿಮಿಷಕ್ಕಿಂತ ಕಡಿಮೆ ಬೇಡ, ಎಲ್ಲೂ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯಬೇಕು. ಮೊದಲು ರಸ್ತೆ ಮತ್ತು ಅಕ್ಕಪಕ್ಕದ ಅಂಗಡಿ, ಆಮೇಲೆ ಬೋರ್ಡು, ಬೀಗ ತೆಗೆಯುವುದು, ಒಳಗೆ ಅಡಿಗೆಮನೆ. ಯಾರ ಮುಖವೂ ಬೇಡ. ಪುಟ ಕೈಗೆ ಬಂದ ಮೇಲೆ ವಿಳಾಸ ಬದಲಿಸಿ, ಪಿನ್ ಎಳೆದು ಬಾಗಿಲ ಮೇಲೇ ಇಡಿ. ಹೆದ್ದಾರಿ ಮೇಲೆ ಇಟ್ಟರೆ ಕಾರಿನವರು ಮುಂದೆ ಹೋಗಿ ಯೂ ಟರ್ನ್ ಹುಡುಕಬೇಕಾಗುತ್ತದೆ.

ಹೆಸರು ಬೋರ್ಡಿನಲ್ಲಿ ಇದ್ದ ಹಾಗೇ ಇರಲಿ. 'ಬೆಸ್ಟ್ ಫಿಶ್ ಮೀಲ್ಸ್ ಅಂಕೋಲಾ' ಅಂತ ಬಾಲ ಸೇರಿಸುವುದು ನಿಯಮಕ್ಕೆ ವಿರುದ್ಧ, ಪುಟವೇ ಅಮಾನತಾಗಬಹುದು. ಊಟಕ್ಕೆ ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದೂ ಹಾಗೇ. ಅದರ ಬದಲು ಬಂಗಡೆ, ಶೆಟ್ಲಿ, ಸೋಲ್‌ಕಡಿ ಎಲ್ಲದರ ಹೆಸರು, ರೇಟು ಮೆನುವಿನಲ್ಲಿ ಹಾಕಿ. ಊಟದ ತಟ್ಟೆಯ ನಿಜವಾದ ಫೋಟೋ ಹಾಕಿ. ಜನ ಬರುವುದು ಅದನ್ನು ನೋಡಿ, ಅಲ್ವಾ?

ಕಾರವಾರದವ:
ಮೇಲಿನವರು ಹೇಳಿದ್ದು ಸರಿ. ಸಮಯವನ್ನೂ ಸರಿ ಇಡಿ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಆಗ ಬಾಗಿಲು ಹಾಕುವುದಾದರೆ 'ತಾತ್ಕಾಲಿಕವಾಗಿ ಮುಚ್ಚಿದೆ' ಎಂದು ಹಾಕಿ. ಮಳೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬಂದವರು ಬೀಗ ನೋಡಿದರೆ ಮತ್ತೆ ಬರುವುದಿಲ್ಲ.

ಯಲ್ಲಾಪುರ ಘಟ್ಟ:
ಓಪನ್‌ಸ್ಟ್ರೀಟ್‌ಮ್ಯಾಪ್‌ಗೂ ಸೇರಿಸಿ. 2004ರಿಂದ ಇದೆ, ಯಾರು ಬೇಕಾದರೂ ತಿದ್ದಬಹುದು, ಕನ್ನಡದ ಹೆಸರನ್ನು ಬೇರೆಯಾಗಿ ಹಾಕಬಹುದು. ಆರ್ಗ್ಯಾನಿಕ್ ಮ್ಯಾಪ್ಸ್‌ನಂಥ ಆಪ್‌ಗಳು ಅದೇ ನಕ್ಷೆ ಬಳಸುತ್ತವೆ. ಮೊದಲೇ ಇಳಿಸಿಕೊಂಡರೆ ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲದಾಗಲೂ ನಡೆಯುತ್ತದೆ.

ಅಂಕೋಲಾದ ಸೊಸೆ:
ತುಂಬಾ ಉಪಕಾರ ಆಯ್ತು. ಅತ್ತೆ ಏಜೆಂಟನಿಗೆ ಬೇಡ ಅಂದುಬಿಟ್ಟರು. ಹೊಸ ಜಾಗಕ್ಕೆ ಇನ್ನೂ ಬೋರ್ಡು ಬರೆಸಿಲ್ಲ, ಬಾಗಿಲಿಗೆ ಫ್ಲೆಕ್ಸ್ ಕಟ್ಟಿದ್ದೇವೆ. ವಿಡಿಯೋಗೆ ಅದು ಸಾಕಾ?

ಶಿರಸಿ ಝೆರಾಕ್ಸ್ ಅಂಗಡಿ:
ಬೋರ್ಡು ಬರೆಸಿಯೇ ತೆಗೆಯಿರಿ ತಂಗಿ. ಗಟ್ಟಿಯಾಗಿ ಹೊಡೆದ ಬೋರ್ಡಾದರೆ ಒಪ್ಪಿಗೆ ಸಿಗುವುದು ಸುಲಭ. ಹೇಗೂ ರಸ್ತೆಯಿಂದ ಬರುವವರಿಗೂ ಬೇಕಲ್ಲ.